ಗೊರೇಬಾಳದ ಕ್ಯಾಸೆಟ್

೧೯೯೬ರ ಆಗಸ್ಟಿನ ಒಂದು ಸೋಮವಾರ, ಸಿಂಧನೂರಿನ ಕೇಬಲ್ ಟೀವಿಯಲ್ಲಿ ಸುದ್ದಿ ಹೇಳುವ ವೆಂಕೋಬ, ಗೊರೇಬಾಳದ ಗದ್ದೆಯಲ್ಲಿ ನೆಲ್ಲಿನ ಸಸಿ ಹಚ್ಚುತ್ತಿದ್ದ ಹದಿನಾಲ್ಕು ಹೆಂಗಸರ ಕಡೆ ಕೈ ತೋರಿಸಿ, “ನೋಡ್ರಿ ವೀಕ್ಷಕರೇ, ಕರೇ ಎಮ್ಮಿಗೋಳು ರಾಡ್ಯಾಗ ಇಳದಾವು. ಈ ಜಾತಿಗೆ ರಾಡಿನೇ ತವರುಮನಿ,” ಎಂದ. ಸಂಜೆ ಏಳಕ್ಕೆ ಅದು ಪ್ರಸಾರವಾಯಿತು.

ಆ ಮಾತು ಆಡುವಾಗ ಅವನು ಬದುವಿನ ಮೇಲೆ ಮೈಕು ಹಿಡಿದು ನಿಂತಿದ್ದ. ಪಕ್ಕದ ಗದ್ದೆಯಲ್ಲಿ ಟ್ರ್ಯಾಕ್ಟರ್ ಓಡುತ್ತಿದ್ದುದರಿಂದ ಹೆಂಗಸರಿಗೆ ಏನೂ ಕೇಳಿರಲಿಲ್ಲ. ಕೇಳಿದ್ದು ಕ್ಯಾಮರಾ ಹಿಡಿದಿದ್ದ ಪಕೀರಪ್ಪನಿಗೆ. ಕೇಳಿ ಅವನು ನಕ್ಕಿದ್ದ. ವೆಂಕೋಬ ಏನಂದರೂ ನಗುವುದು ಅವನಿಗೆ ಆರು ವರ್ಷದ ರೂಢಿ.

ಟೀವಿಯಲ್ಲಿ ತಮ್ಮನ್ನು ತೋರಿಸುತ್ತಾರೆಂದು ಹೆಂಗಸರು ಆ ಸಂಜೆ ಕೈಕಾಲು ತೊಳೆದು, ತಲೆ ಬಾಚಿಕೊಂಡು, ಗದ್ದೆ ಮಾಲಕರ ಪಡಸಾಲೆಗೆ ಹೋಗಿ ಕೂತಿದ್ದರು. ಮರುದಿನ ಒಬ್ಬರೂ ಗದ್ದೆಗೆ ಇಳಿಯಲಿಲ್ಲ. ಸಸಿಯ ಕಟ್ಟುಗಳು ಬದುವಿನ ಮೇಲೆಯೇ ಬಾಡಿದವು. ಗುಂಪಿನ ಹಿರಿಯಳು ಗಿರಿಯಮ್ಮ ಎಲ್ಲರನ್ನೂ ಟ್ರೇಲರಿನಲ್ಲಿ ಕೂರಿಸಿಕೊಂಡು ಬಂದು ಕೇಬಲ್ ಆಫೀಸಿನ ಮುಂದೆ ಕೂತಳು.

ಎರಡೇ ದಿನದಲ್ಲಿ ಸಿಂಧನೂರು ಎರಡು ಪಾಲಾಯಿತು. ಗಾಂಧಿ ಸರ್ಕಲ್ಲಿನಲ್ಲಿ ವೆಂಕೋಬನಿಗೆ ಧಿಕ್ಕಾರ ಕೂಗಿದರು. ಹೋಟೆಲುಗಳಲ್ಲಿ, “ವೆಂಕೋಬ ನಗಸೋ ಮನಷ್ಯಾ, ಅಂಥಾ ಮಾತು ಆಡಾಂವಲ್ಲ,” ಎಂದರು. ಪ್ರಸಾರವಾದ ಸಂಜೆ ಅರ್ಧ ಊರಿಗೆ ಕರೆಂಟೇ ಇರಲಿಲ್ಲ. ಕರೆಂಟು ಇದ್ದ ಮನೆಗಳವರು, ನಾವು ಆಗ ಉಣ್ಣುತ್ತಿದ್ದೆವು, ಸರಿಯಾಗಿ ಕೇಳಲಿಲ್ಲ ಎಂದರು. ವೆಂಕೋಬ, “ನಾ ಅಂದೇ ಇಲ್ಲ. ಅಂದಿದ್ರ ಕ್ಯಾಸೆಟ್ ತೋರಸ್ರಿ,” ಎಂದ. ಕೇಬಲ್ ಮಾಲಕ ವಿರೂಪಾಕ್ಷಪ್ಪ, “ಸುದ್ದಿಗಂತ ನಮ್ಮಲ್ಲಿರೋದು ಒಂದೇ ಕ್ಯಾಸೆಟ್. ಇವತ್ತಿಂದರ ಮ್ಯಾಲೆ ನಾಳಿಂದು ತುಂಬತೀವಿ,” ಎಂದ. ಶುಕ್ರವಾರ ತಹಶೀಲ್ದಾರರ ಮುಂದೆ ಎಲ್ಲರೂ ಬರಬೇಕು, ಪುರಾವೆ ಇಲ್ಲದಿದ್ದರೆ ಗಿರಿಯಮ್ಮ ತಪ್ಪಾಯಿತೆಂದು ಬರೆಸಿ ಹೆಬ್ಬೆಟ್ಟು ಒತ್ತಬೇಕು ಎಂದಾಯಿತು.

ಬುಧವಾರ ಚಹಾದಂಗಡಿಯ ಬಳಿ ಗಿರಿಯಮ್ಮ ಪಕೀರಪ್ಪನನ್ನು ತಡೆದಳು. ಇಬ್ಬರದೂ ಮಸ್ಕಿಯ ಒಂದೇ ಕೇರಿ; ಆಕೆ ಅವನಿಗೆ ಚಿಕ್ಕಮ್ಮನ ವರಸೆ.

“ಏ ಪಕೀರಾ, ಕ್ಯಾಮರಾ ಹಿಡದಾಂವ ನೀನಾ ಅಲ್ಲೇನು? ನಾವು ಸುಳ್ಳು ಹೇಳಾಕತ್ತೀವೇನಪಾ?”

“ಟ್ರ್ಯಾಕ್ಟರ್ ಸದ್ದು ಇತ್ತು ಚಿಗವ್ವ.”

“ಸದ್ದು ನಮಗಿತ್ತು. ನೀ ಅವನ ಮಗ್ಗಲಕ್ಕ ನಿಂತಿದ್ದಿ.” ಆಕೆ ಅವನ ಇಸ್ತ್ರಿ ಅಂಗಿಯನ್ನು ಮೇಲಿಂದ ಕೆಳಗೆ ನೋಡಿದಳು. “ಹೋಗು, ಅಂಗಿಗೆ ರಾಡಿ ಹತ್ತೀತು.”

ಕ್ಯಾಸೆಟ್ ಅಳಿಸಿರಲಿಲ್ಲ. ಅದು ಪಕೀರಪ್ಪನಿಗೆ ಮಾತ್ರ ಗೊತ್ತಿತ್ತು. ಸೋಮವಾರ ಸುದ್ದಿಯ ಮಾಮೂಲಿ ಕ್ಯಾಸೆಟ್ ಬೂಸು ಹಿಡಿದಿತ್ತು. ಲಿಂಗಸುಗೂರಿನ ಮದುವೆಗೆಂದು ತಂದಿದ್ದ ಹೊಸದನ್ನು ಅವನು ಹಾಕಿದ್ದ. ಮದುವೆಯ ಕ್ಯಾಸೆಟ್ ತುಂಬಿದ ಕೂಡಲೇ ಅದರ ಬೆನ್ನಿಗಿರುವ ಪ್ಲಾಸ್ಟಿಕ್ ಚೂರನ್ನು ಮುರಿಯಬೇಕು. ಮುರಿದರೆ ಆಮೇಲೆ ಅದರ ಮೇಲೆ ಏನೂ ತುಂಬಲು ಬರುವುದಿಲ್ಲ, ಯಾರದೋ ತಾಳಿಯ ಮೇಲೆ ಮತ್ತೊಬ್ಬರ ಬೀಗರೂಟ ಬರುವುದಿಲ್ಲ. ನೂರಾರು ಮದುವೆ ಕ್ಯಾಸೆಟ್ ಮಾಡಿದ ಅವನ ಬೆರಳು, ಇದು ಸುದ್ದಿ ಎಂಬುದನ್ನೂ ಮರೆತು ಚೂರನ್ನು ಮುರಿದುಹಾಕಿತ್ತು. ಮರುದಿನ ಮಷೀನು ತುಂಬಿಕೊಳ್ಳಲಿಲ್ಲ. ‘ಗೊರೇಬಾಳ’ ಎಂದು ಚೀಟಿ ಹಚ್ಚಿ ಡ್ರಾವರಿನಲ್ಲಿ ಎಸೆದಿದ್ದ. ಬುಧವಾರ ಬಾಗಿಲು ಹಾಕಿಕೊಂಡು ನೋಡಿದ. ವೆಂಕೋಬನ ಮಾತು ಸ್ಪಷ್ಟವಾಗಿತ್ತು. ಅದರ ಹಿಂದೆಯೇ, ಮೈಕಿಗೆ ಇನ್ನೂ ಹತ್ತಿರವಾಗಿ, ಪಕೀರಪ್ಪನ ನಗು ಇತ್ತು. ಅವತ್ತು ಪಡಸಾಲೆಯ ಗದ್ದಲದಲ್ಲಿ ಚಿಗವ್ವನಿಗೆ ಅದು ಕೇಳಿರಲಿಕ್ಕಿಲ್ಲ; ಇದನ್ನು ಕೊಟ್ಟರೆ ಅದನ್ನೂ ಕೇಳುತ್ತಾಳೆ. ಕ್ಯಾಸೆಟ್ಟನ್ನು ಮತ್ತೆ ಡ್ರಾವರಿಗೇ ಹಾಕಿದ.

ಗುರುವಾರ ಮಧ್ಯಾಹ್ನ ಅವನು ಆಫೀಸಿಗೆ ಬಂದಾಗ ಕ್ಯಾಸೆಟ್ ವಿರೂಪಾಕ್ಷಪ್ಪನ ಟೇಬಲ್ಲಿನ ಮೇಲಿತ್ತು. ಪಕ್ಕದಲ್ಲಿ ಸೆಲ್ಲೋಟೇಪು. ವೆಂಕೋಬ ಮೂಲೆಯಲ್ಲಿ ಕೂತಿದ್ದ.

“ಲೇ ಪಕೀರ್ಯಾ, ಇದನ್ಯಾಕ ಇಟ್ಟೀದಿ?” ಎಂದ ವಿರೂಪಾಕ್ಷಪ್ಪ.

“ಕೈ ತಪ್ಪಿ ಚೂರು ಮುರೀತ್ರಿ.”

“ಆ ತೂತಿಗೆ ಟೇಪು ಹಚ್ಚಿದ್ರ ಮತ್ತ ತುಂಬತೈತಿ ಅಂತ ನೀನಾ ನನಗ ಕಲಿಸಿದಿ. ಹಚ್ಚು. ಇವತ್ತು ಸಂಜಿ ಲಿಂಗಸುಗೂರು ಮದಿವಿ ಇದರ ಮ್ಯಾಲೇ ತುಂಬು.”

“ಹಚ್ಚೋ ಮಾರಾಯಾ,” ಎಂದ ವೆಂಕೋಬ. “ಒಂದ್ ನಗಚಾಟಕಿ ಮಾತಿಗೆ ಎಷ್ಟು ದೊಡ್ಡದು ಮಾಡ್ತೀರಿ?”

“ಹಂಗಾರ ನಾಳೆ ‘ಹೌದು, ನಾ ಅಂದೀನಿ’ ಅಂತ ಹೇಳ್ರಲ್ಲ ಸರ್.”

ವೆಂಕೋಬ ಮಾಲಕನ ಕಡೆ ನೋಡಿದ. ವಿರೂಪಾಕ್ಷಪ್ಪ ದನಿ ಇಳಿಸಿದ. “ನಿನ್ನ ಕೇರಿ ಯಾವುದಂತ ಗೊತ್ತಿದ್ರೂ ಆರು ವರ್ಷ ಇಟಗೊಂಡೀನಿ. ಯಾರರೆ ಇಟಗೋತಿದ್ರೇನು? ಅದೂ ಅಲ್ದ ಇದರಾಗ ನಿನ್ನ ನಗೀನೂ ಐತಿ. ನಿನ್ನ ಮಂದಿನಾ ನಿನ್ನ ಮಾರಿಗೆ ಉಗಳ್ತಾರ.”

ಹೊರಗೆ ಹೆಂಗಸರು ಎಲೆ ಅಡಿಕೆ ಹಂಚಿಕೊಳ್ಳುತ್ತಿದ್ದರು. ಒಬ್ಬಳು ಏನೋ ಅಂದಳು, ಗಿರಿಯಮ್ಮ ಗಟ್ಟಿಯಾಗಿ ನಕ್ಕಳು. ಎಂಥ ನಗು ಅದು ಎಂದು ಪಕೀರಪ್ಪ ಒಂದು ಗಳಿಗೆ ಕಿವಿಗೊಟ್ಟ. ಆಮೇಲೆ ಕ್ಯಾಸೆಟ್ಟನ್ನು ಎತ್ತಿಕೊಂಡ. ಸೆಲ್ಲೋಟೇಪನ್ನು ಮಾಲಕನ ಕಡೆ ಸರಿಸಿದ.

“ಉಗಳ್ಲಿ ಬಿಡ್ರಿ. ನಕ್ಕೀನಿ, ಉಗಳಸ್ಕೋತೀನಿ.”

“ಟೇಪು ಹಚ್ಚು ಲೇ!”

“ಹಚ್ಚಂಗಿಲ್ರಿ ಸಾವ್ಕಾರ್ರ,” ಎಂದ ಪಕೀರಪ್ಪ.