ಹಾಡು ಮುಗಿದ ಮೇಲಿನ ಜಾಗ

ಬಸವನಹುಳು ಎಂಬ ಗ್ರಾಮಫೋನ್ ರೆಕಾರ್ಡು ಕಂಪನಿಯ ಆಫೀಸಿನಲ್ಲಿ ಅವಳಿಗೆ ಮೊಮ್ಮಗಳು ಎಂದೇ ಹೆಸರು. ಕಂಪನಿಯ ಮೊದಲ ರೆಕಾರ್ಡಿನಿಂದ ಕೊನೆಯದರವರೆಗೆ ಹಾಡಿನ ಗೆರೆ ಕೊರೆದಿದ್ದು ಅವಳ ತಾತ. ಈಗ ಆ ಕಂಪನಿಯ ಸಚಿತ್ರ ಚರಿತ್ರೆ ಪುಸ್ತಕವಾಗುತ್ತಿತ್ತು. ಪ್ರತಿ ಚಿತ್ರದ ಕೆಳಗೆ ಎರಡು ಮೂರು ಸಾಲು ಬರೆಯುವುದು ಅವಳ ಕೆಲಸ.

ಚಿತ್ರಗಳೋ, ಒಂದಕ್ಕಿಂತ ಒಂದು. ಗೋದಾಮಿನ ಹಿಂದಿನ ಎರಡು ಕೋಣೆ; ಸದ್ದು ಹೊರಗೆ ಹೋಗದಿರಲೆಂದು ಗೋಡೆಗೆ ಮೊಳೆ ಹೊಡೆದು ನಿಲ್ಲಿಸಿದ ಹಳೇ ಹಾಸಿಗೆಗಳು. ದೊಡ್ಡ ಕಂಪನಿಗಳು ಗೇಟಿನಿಂದಲೇ ವಾಪಸು ಕಳಿಸಿದವರೆಲ್ಲ ಆ ಹಾಸಿಗೆಗಳ ನಡುವೆ ನಿಂತು ಹಾಡಿದವರೇ: ಲಾರಿ ಓಡಿಸುವವನು, ಗಿರಣಿಯ ಹೆಂಗಸರು, ಮೂಗಿನಲ್ಲೇ ಇಡೀ ಹಾಡು ಹೇಳುತ್ತಿದ್ದ ಕ್ಷೌರಿಕ. ಅವರ ರೆಕಾರ್ಡು ಕೇಳಿ ಬೆಳೆದವರೇ ಈಗ ದೊಡ್ಡ ಕಂಪನಿಗಳಲ್ಲಿ ಕೂತು, ಹಾಡು ಅಂದರೆ ಹೀಗಿರಬೇಕು ಅನ್ನುತ್ತಿದ್ದರು.

ಮೊಮ್ಮಗಳಿಗೆ ಇವರೆಲ್ಲ ಮೊದಲೇ ಗೊತ್ತು. ತೀರಿಹೋದ ಅಜ್ಜಿಯ ಕಥೆಗಳಲ್ಲಿ ರಾಜಕುಮಾರಿಯರ ಜೊತೆ ಇವರೂ ಓಡಾಡಿಕೊಂಡಿದ್ದರು. ಯಾರು ಏಳು ಸಮುದ್ರ ದಾಟಿದವರು, ಯಾರು ಗಿರಣಿಯ ಗೇಟು ದಾಟಿದವರು ಎಂದು ಅವಳು ಎಂದೂ ಬೇರ್ಪಡಿಸಿ ನೋಡಿದವಳಲ್ಲ.

ಒಂದು ದಿನ ಪುಟ ಜೋಡಿಸುವವನು ಒಂದು ರೆಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದು ಕೂಗಿದ. "ಏ, ಇಲ್ಲಿ ನೋಡಿ! ಹಾಡು ಮುಗಿದ ಮೇಲೆ, ನಡುವಿನ ಕಾಗದಕ್ಕಿಂತ ಮುಂಚೆ, ನುಣ್ಣನೆ ಜಾಗ ಇರುತ್ತಲ್ಲ, ಅಲ್ಲೇನೋ ಕೊರೆದಿದೆ."

ಸೂಜಿಯಲ್ಲಿ ಕೊರೆದ ಸಣ್ಣ ಅಕ್ಷರ: ಸಾಕು.

ಇನ್ನೊಂದು ರೆಕಾರ್ಡು ತೆಗೆದರು, ಅದರಲ್ಲೂ ಸಾಕು. ಮತ್ತೊಂದರಲ್ಲೂ ಸಾಕು. ಹಳೆಯ ಕೆಲವನ್ನು ಬಿಟ್ಟರೆ ಎಲ್ಲದರಲ್ಲೂ ಅದೇ.

"ಮೊಮ್ಮಗಳೇ, ಏನಮ್ಮ ಇದು ನಿಮ್ಮ ತಾತನ ಚೇಷ್ಟೆ?" ಎಂದರು ಸಣ್ಣ ಯಜಮಾನರು. ಕಂಪನಿ ಕಟ್ಟಿದವರ ಮಗ. ಓದಿದ್ದೆಲ್ಲ ದೂರದ ಹಾಸ್ಟೆಲುಗಳಲ್ಲಾದ್ದರಿಂದ ಹಳೆಯ ಕಾಲದ ಸುದ್ದಿ ಅವರಿಗೆ ಅಷ್ಟಕ್ಕಷ್ಟೆ.

ಅವಳ ಕಣ್ಣು ಅರಳಿತು. ಇದು ಅಜ್ಜಿ ಹೇಳುತ್ತಿದ್ದ ಕಥೆಯೇ! "ನಮ್ಮಜ್ಜಿ ಹೇಳ್ತಿದ್ರು, ಒಬ್ಬಳು ಗಂಟಲಮ್ಮ ಇದ್ದಳಂತೆ. ಎಷ್ಟು ಚೆನ್ನಾಗಿ ಹಾಡಿದರೂ ಅವಳಿಗೇ ಸಮಾಧಾನ ಇಲ್ಲ. ಇನ್ನೊಂದು ಸಲ, ಇನ್ನೊಂದು ಸಲ ಅಂತಿದ್ದಳಂತೆ. ಬೆಳಿಗ್ಗೆ ಶುರುವಾದದ್ದು ಸಂಜೆಯಾದರೂ ಮುಗಿಯಲಿಲ್ಲ. ತಾತ ರೋಸಿಹೋಗಿ, ರೆಕಾರ್ಡು ಕೊರೆಯುವಾಗ ಕೊನೆಯಲ್ಲಿ 'ಸಾಕು' ಅಂತ ಗೀಚಿಬಿಟ್ಟರು. ಆ ರೆಕಾರ್ಡೇ ಮನೆಮಾತಾಯಿತು. ಆಮೇಲೆ ಎಲ್ಲದಕ್ಕೂ ಅದನ್ನೇ ಬರೆದರು."

ಅಜ್ಜಿ ಹೇಳಿದ್ದು ಇಷ್ಟೇ. ಆದರೆ ಎದುರಿಗಿದ್ದವರು ಬಾಯಿ ಬಿಟ್ಟು ಕೇಳುತ್ತಿದ್ದಾಗ ಸುಮ್ಮನಿರಲಾದೀತೆ? ಅವಳು ಒಗ್ಗರಣೆ ಹಾಕಿದಳು. ತಾತ ಕನ್ನಡಕ ತೆಗೆದು ಬಿಸಾಡಿದರು. ಅದು ಗಂಟಲಮ್ಮನ ಕಾಲ ಬಳಿ ಹೋಗಿ ಬಿತ್ತು. ಗಂಟಲಮ್ಮ ಅದನ್ನೆತ್ತಿ ತಾನೇ ಹಾಕಿಕೊಂಡು ಮತ್ತೆ ಹಾಡಿದಳು!

ಎಲ್ಲರೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು. "ಪುಸ್ತಕದ ಹೆಸರೇ 'ಸಾಕು' ಅಂತ ಇಡೋಣ" ಎಂದರು ಸಣ್ಣ ಯಜಮಾನರು. ಆ ದಿನ ಅವಳು ನೆಲದ ಮೇಲೆ ನಡೆಯಲಿಲ್ಲ, ತೇಲಿಕೊಂಡು ಮನೆಗೆ ಹೋದಳು.

ಪುಟಗಳ ಕರಡು ಬಂದ ದಿನ ಅದನ್ನು ಮನೆಗೆ ಒಯ್ದಳು. ಅಮ್ಮ ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಿದ್ದಳು. ಅಪ್ಪ ಕರಡು ಕಿತ್ತುಕೊಂಡು ಜೋರಾಗಿ ಓದತೊಡಗಿದ.

"ಗಂಟಲಮ್ಮ! ನಮ್ಮತ್ತೆ ನಂಗೂ ಇದನ್ನೇ ಹೇಳಿದ್ರು ಕಣೇ, ಮದುವೆ ಮಾತಿಗೆ ಹೋದಾಗ. ಕನ್ನಡಕದ ವಿಷಯ ಮಾತ್ರ ಹೇಳಿರ್ಲಿಲ್ಲ, ಕಳ್ಳಿ." ಅಡುಗೆಮನೆಯತ್ತ ಕೂಗಿದ. "ಕೇಳಿಸ್ತೇನೇ? ನಿಮ್ಮಪ್ಪ ರೋಸಿಹೋಗಿದ್ದು ಇಡೀ ಲೋಕಕ್ಕೇ ಗೊತ್ತಾಗುತ್ತೆ ಇನ್ನು!"

ಅಮ್ಮ ಬಾಗಿಲಿಗೆ ಬಂದು ಪುಟ ನೋಡಿದಳು. ಎರಡೂ ಪುಟ ತುಂಬ ಆ ಒಂದು ಪದ, ಅಂಗೈಯಗಲ ದೊಡ್ಡದು ಮಾಡಿದ್ದು. ಕೆಳಗೆ ನಗೆಯ ಸಾಲುಗಳು. ಅಮ್ಮನೂ ನಕ್ಕಳು, ಆದರೆ ಸ್ವಲ್ಪ ತಡವಾಗಿ. ಆಮೇಲೆ ಒರೆಸಿಟ್ಟ ಪಾತ್ರೆಗಳನ್ನೇ ಮತ್ತೆ ಒರೆಸಿದಳು.

ಮರುದಿನ ಬೆಳಿಗ್ಗೆ ಅಪ್ಪ ಕೆಲಸಕ್ಕೆ ಹೋದ ಮೇಲೆ ಅಮ್ಮ ಒಣಗಿದ ಬಟ್ಟೆ ಮಡಚುತ್ತಿದ್ದಳು. ತಲೆ ಎತ್ತದೆಯೇ ಹೇಳಿದಳು.

"ಅದು ರೋಸಿಹೋಗಿ ಬರೆದದ್ದಲ್ಲ ಕಣೇ. ಅದು ನನ್ನ ಹೆಸರು."

"ಏನಮ್ಮ?"

"ನಾನು ನಿನ್ನಜ್ಜಿ ಹೆತ್ತ ಮಗಳಲ್ಲ. ಹಾಡೋರ ಹಿಂದೆ ನಿಂತು ದನಿಗೂಡಿಸೋಕೆ ಬಂದಿದ್ದ ಒಬ್ಬಳು, 'ಈಗ ಬಂದೆ, ಸ್ವಲ್ಪ ನೋಡ್ಕೊಳ್ಳಿ' ಅಂತ ಮಗೂನ ಅಮ್ಮನ ಕೈಗೆ ಕೊಟ್ಟು ಹೋದಳು. ಆ 'ಈಗ' ಇನ್ನೂ ಬಂದಿಲ್ಲ." ಅಮ್ಮ ಅಂಗಿಯ ತೋಳನ್ನು ಬೆನ್ನಿಗೆ ಮಡಚಿದಳು. "ಸಾಕುಮಗಳು ಅನ್ನೋಕೆ ಕಂಪನಿಯವರಿಗೆ ಬಾಯಿ ನೋವು. ಅರ್ಧಕ್ಕೇ ನಿಲ್ಲಿಸ್ತಿದ್ರು. ಸಾಕೂ, ನೀರು ತಾ. ಸಾಕೂ, ಪಕ್ಕಕ್ಕೆ ಸರಿ. ಆಡ್ಕೊಂಡು ನಗೋರು. ಅಪ್ಪ ಜಗಳ ಆಡೋ ಪೈಕಿ ಅಲ್ಲ. ಒಂದಿನ ನನ್ನ ಎತ್ಕೊಂಡು, ಆಗ ತಾನೆ ಕೊರೆದ ತಟ್ಟೆ ತೋರಿಸಿದ್ರು. ಇಲ್ಲಿ ಹಾಡು ಮುಗೀತು, ಇಲ್ಲಿಂದ ನೀನು ಅಂದ್ರು. ಆಮೇಲೆ ಒಂದು ರೆಕಾರ್ಡೂ ಬಿಡಲಿಲ್ಲ. ನನ್ನ ಹೆಸರು ಹೊತ್ಕೊಂಡು ಎಲ್ಲ ಊರಿಗೂ ಹೋದ್ವು."

ಮೊಮ್ಮಗಳಿಗೆ ಕೂತ ನೆಲ ಬಾಯಿ ಬಿಡಬಾರದೆ ಅನ್ನಿಸಿತು. ಆ ಕನ್ನಡಕ! ಎಸೆದದ್ದು ತಾನು, ತಾತನಲ್ಲ.

"ಅಜ್ಜಿ ಯಾಕೆ ಹಾಗೆ..."

"ನಿಮ್ಮಪ್ಪ ಮನೆಗೆ ಬಂದಾಗ ರೆಕಾರ್ಡು ಕೈಗೆ ತಗೊಂಡು ಇದೇನು ಅಂತ ಕೇಳಿದ್ರು. ಅಮ್ಮ ಹೆದರಿಬಿಟ್ಲು. ಎಲ್ಲಿತ್ತೋ ಏನೋ, ಗಂಟಲಮ್ಮ ಬಾಯಿಗೆ ಬಂದ್ಲು. ನಿಮ್ಮಪ್ಪ ನಕ್ಕರು. ಮದುವೇನೂ ಆಯ್ತು. ಆಮೇಲೆ ಯಾವತ್ತು, ಹೇಗೆ ಹೇಳೋದು?"

"ಇವತ್ತೇ ಹೋಗಿ ಬದಲಾಯಿಸ್ತೀನಮ್ಮ."

"ಏನಂತ ಬದಲಾಯಿಸ್ತೀಯ? ನಿಮ್ಮಪ್ಪ ಅದನ್ನ ಪುಸ್ತಕದಲ್ಲಿ ಓದಿ ತಿಳ್ಕೋಬೇಕಾ?" ಅಮ್ಮನ ಮುಖ ಕೆಂಪಗಾಗಿತ್ತು. "ನಗಲಿ ಬಿಡು. ಮೊದಲೂ ನಗ್ತಿದ್ರು."

ಆ ಕೊನೆಯ ಮಾತು ಅವಳನ್ನು ಆಫೀಸಿನವರೆಗೂ ಅಟ್ಟಿಸಿಕೊಂಡು ಬಂತು.

"ಸಾರ್, ಆ ಪುಟ ಅಚ್ಚಿಗೆ ಹೋಗಬಾರದು. ಆ ಕಥೆ ನಿಜ ಅಲ್ಲ."

"ಯಾರು ಹೇಳಿದ್ದು?" ಸಣ್ಣ ಯಜಮಾನರು ನಗುತ್ತಲೇ ಕೇಳಿದರು.

ನಿಜ ಹೇಳುವಂತಿಲ್ಲ. ಸುಳ್ಳನ್ನು ಅಜ್ಜಿಯ ತಲೆಗೆ ಕಟ್ಟಿದರೆ, ಅಜ್ಜಿ ಯಾಕೆ ಸುಳ್ಳು ಹೇಳಿದರು ಎಂಬ ಪ್ರಶ್ನೆ ಮುಂದೆ ಬಂದು ನಿಲ್ಲುತ್ತದೆ. ಉಳಿದಿದ್ದು ಒಂದೇ ತಲೆ.

"ನಾನೇ ಕಟ್ಟಿದ್ದು."

"ಅಜ್ಜಿ ಹೇಳಿದ್ದು ಅಂದೆಯಲ್ಲಮ್ಮ?"

"ಅಜ್ಜಿ ಏನೂ ಹೇಳಿರಲಿಲ್ಲ. ಎಲ್ಲರೂ ನಗಲಿ ಅಂತ..."

ಪುಟ ಜೋಡಿಸುವವನು ಕೈಯಲ್ಲಿದ್ದ ಅಳತೆಪಟ್ಟಿಯನ್ನು ಮೇಜಿನ ಮೇಲಿಟ್ಟ. ಸಣ್ಣ ಯಜಮಾನರ ನಗು ನಿಧಾನವಾಗಿ ಇಳಿಯಿತು. ಅವರು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ, ಕರಡನ್ನು ಮೊದಲ ಪುಟದಿಂದ ತೆರೆದು ಅವಳೆದುರಿಗೆ ಸರಿಸಿದರು.

"ಈ ಕ್ಷೌರಿಕ? ಗಿರಾಕಿಯ ಅರ್ಧ ಗಡ್ಡ ಬಿಟ್ಟು ಹಾಡೋಕೆ ಓಡಿಬಂದ ಅಂತ ಬರೆದಿದ್ದೀಯ."

"ಅದು ನಿಜ ಸಾರ್."

"ಯಾರು ಹೇಳಿದ್ದು?"

"ಅಜ್ಜಿ."

"ಹೂಂ." ಅವರು ಆ ಸಾಲುಗಳ ಮೇಲೆ ಗೆರೆ ಎಳೆದರು. "ಈ ಗಿರಣಿ ಹೆಂಗಸರು? ಯಂತ್ರದ ಸದ್ದಿಗೆ ಕಿವಿ ಮಂದವಾಗಿ, ಒಬ್ಬರ ತುಟಿ ಒಬ್ಬರು ನೋಡಿಕೊಂಡು ಹಾಡಿದ್ರು ಅಂತ?"

ಅದಂತೂ ಪೂರ್ತಿ ನಿಜ. ಗಿರಣಿಯವಳೊಬ್ಬಳು ಅಜ್ಜಿಯ ಪಕ್ಕದ ಮನೆಯವಳೇ. ಆದರೆ ಹೇಳಿದರೂ ಅದು ಅಜ್ಜಿಯ ಮಾತೇ. ಅಲ್ಲಿಗೂ ಗೆರೆ ಬಿತ್ತು. ಮಧ್ಯಾಹ್ನದವರೆಗೆ ಹೀಗೇ ನಡೆಯಿತು. ಅಜ್ಜಿ ಒಬ್ಬಳೇ ಸಾಕ್ಷಿಯಾಗಿದ್ದ ಕಥೆಗಳೆಲ್ಲ ಒಂದೊಂದಾಗಿ ಹೋದವು. ಪಕ್ಕದಲ್ಲಿ ಕೂತು ನೋಡುವುದು ಬಿಟ್ಟು ಅವಳಿಂದ ಇನ್ನೇನೂ ಆಗಲಿಲ್ಲ.

"ನಿಮ್ಮ ತಾತ ಒಂದು ಗೆರೆಯನ್ನೂ ತಪ್ಪಾಗಿ ಕೊರೆದವರಲ್ಲ" ಎಂದರು ಸಣ್ಣ ಯಜಮಾನರು ಏಳುವಾಗ. ಆಮೇಲೆ ಆಫೀಸಿನಲ್ಲಿ ಅವಳನ್ನು ಯಾರೂ ಮೊಮ್ಮಗಳು ಎಂದು ಕರೆಯಲಿಲ್ಲ. ನೀವು ಅಂದರು.

ಪುಸ್ತಕ ಬೇರೆ ಹೆಸರಿಟ್ಟುಕೊಂಡು ಬಂತು. ಅಪ್ಪ ಅದನ್ನು ಊಟದ ಮೇಜಿನ ಮೇಲೆ ಹರಡಿ ಹುಡುಕಿದ. ಎರಡು ಪುಟದ ಚಿತ್ರ ಈಗ ಮೂಲೆಯಲ್ಲಿ ಬೆಂಕಿಪೊಟ್ಟಣದಷ್ಟು.

"'ರೆಕಾರ್ಡುಗಳ ಮೇಲೆ ಕಂಡುಬರುವ ಪದ. ಅರ್ಥ ತಿಳಿದುಬಂದಿಲ್ಲ.' ಇದೇನೇ? ಅರ್ಥ ತಿಳೀದೆ ಇರೋಕೆ ಏನಿದೆ ಅದ್ರಲ್ಲಿ? ನಮ್ಮ ಗಂಟಲಮ್ಮ ಎಲ್ಲಿ ಹೋದ್ಲು?"

"ತೆಗೆದ್ರಪ್ಪ. ಸಾಕ್ಷಿ ಇಲ್ಲ ಅಂತ."

"ಸಾಕ್ಷಿ ಇಲ್ವಾ? ನಿಮ್ಮಮ್ಮ ಇದ್ದಾಳಲ್ಲ ಜೀವಂತ ಸಾಕ್ಷಿ! ಏನೇ, ಹೇಳು ಇವಳಿಗೆ."

ಅಮ್ಮ ಬಂದು ಪುಸ್ತಕದ ಮೇಲೆ ಬಾಗಿದಳು. ಅರ್ಥ ತಿಳಿದುಬಂದಿಲ್ಲ ಎಂಬಲ್ಲಿ ಅವಳ ಬೆರಳು ನಿಂತಿತು. ತುಂಬ ಹೊತ್ತು ನಿಂತಿತು. ಮಗಳು ಗೋಡೆ ನೋಡಿದಳು. ನಗೆಪಾಟಲಿನಿಂದ ತಪ್ಪಿಸಲು ಹೋಗಿ ಅಮ್ಮನ ಹೆಸರನ್ನೇ ಗುರುತಿಲ್ಲದವರ ಸಾಲಿಗೆ ಸೇರಿಸಿಬಿಟ್ಟೆನಲ್ಲ ಎಂದು ಆಗ ಹೊಳೆದು, ಅವಳ ಕಿವಿಗಳು ಸುಟ್ಟವು.

"ಗಂಟಲಮ್ಮ ಅನ್ನೋಳು ಯಾರೂ ಇರಲಿಲ್ಲ" ಎಂದಳು ಅಮ್ಮ.

ಅಪ್ಪನ ನಗು ಅರ್ಧಕ್ಕೆ ನಿಂತಿತು. "ಮತ್ತೆ?"

ಅಮ್ಮ ಕುರ್ಚಿ ಎಳೆದುಕೊಂಡು ಅವನೆದುರಿಗೆ ಕೂತಳು. ಮಗಳು ಮೆಲ್ಲಗೆ ಎದ್ದು ಬಾಗಿಲ ಕಡೆ ಹೆಜ್ಜೆ ಇಟ್ಟಳು.

"ನೀನೆಲ್ಲಿಗೆ? ಕೂತ್ಕೋ" ಎಂದಳು ಅಮ್ಮ. "ಹೇಳ್ತಾ ಹೇಳ್ತಾ ನಾನೆಲ್ಲಾದ್ರೂ ನಿಂತುಬಿಟ್ರೆ ಮುಂದಿಂದು ನೀನು ಹೇಳ್ಬೇಕು. ಏನೂ ಸೇರಿಸಬೇಡ."

ಅವಳು ತಲೆ ತಗ್ಗಿಸಿ ಕೂತಳು.