ಹಿಂದಿನ ಪೆಡಲು

ಊರಿನಲ್ಲಿ ಸೈಕಲ್ ಹಬ್ಬ ಮಾಡುತ್ತಾರೆ ಎಂಬ ಸುದ್ದಿ ಕೇಳಿ ಸ್ಪೋಕಣ್ಣನಿಗೆ ಮೊದಲು ನಗು ಬಂತು. ನಲವತ್ತು ವರ್ಷ ಪಂಕ್ಚರ್ ಹಾಕಿದವನಿಗೆ ಸೈಕಲ್ಲೆಂದರೆ ಹೊಟ್ಟೆಪಾಡು, ಅದಕ್ಕೊಂದು ಹಬ್ಬ ಬೇರೆ ಕೇಡು! ಅವನಿಗೆ ತಂದೆ ತಾಯಿ ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಚಕ್ರದ ಸ್ಪೋಕ್ ಕಡ್ಡಿಯಂಥ ಮೈಕಟ್ಟು ನೋಡಿ ಊರು ಇಟ್ಟ ಹೆಸರೇ ಗಟ್ಟಿಯಾಯಿತು.

ಸುದ್ದಿ ತಂದವಳು ಶಾಲೆಯ ಡ್ರಿಲ್ ಟೀಚರ್. ಮಕ್ಕಳು, ಮುದುಕರು, ಕಾಲಿಲ್ಲದವರು, ಕಣ್ಣಿಲ್ಲದವರು, ಎಲ್ಲರಿಗೂ ಸವಾರಿ ಇದೆ ಎಂದಳು. ಕೈಯಲ್ಲಿ ತುಳಿಯುವ ಸೈಕಲ್ಲೂ ತರಿಸುತ್ತಾರಂತೆ.

"ಕೈಯಲ್ಲಿ ತುಳಿಯೋದು ಹೆಂಗಮ್ಮ? ಕಾಲಲ್ಲಿ ಊಟ ಮಾಡ್ದಂಗೆ ಆಯ್ತು," ಎಂದ ಸ್ಪೋಕಣ್ಣ.

ಅಂಗಡಿಯ ಗೋಡೆಗೆ ಒತ್ತಿದ ಬೆಂಚಿನ ಮೇಲೆ ಅವನ ಅಕ್ಕ ಕೂತಿದ್ದಳು. ಕಣ್ಣು ಹೋಗಿ ಹನ್ನೊಂದು ವರ್ಷವಾಗಿತ್ತು. ಅವಳು ನಗಲಿಲ್ಲ. "ನಾನು ತುಳೀಬಹುದಾ?" ಎಂದು ಕೇಳಿದಳು.

"ಯಾಕಾಗಲ್ಲ ಅಕ್ಕಾವ್ರೇ? ಜೋಡಿ ಸೈಕಲ್ ಇರುತ್ತಲ್ಲ. ಮುಂದೆ ಒಬ್ರು ಹ್ಯಾಂಡಲ್ ಹಿಡೀತಾರೆ, ತುಳಿಯೋದು ಇಬ್ರೂ."

"ಸುಮ್ನೆ ಹಿಂದೆ ಮೂಟೆ ಹಂಗೆ ಕೂರೋದಾದ್ರೆ ನಾನು ಬರಲ್ಲ. ಈಗ್ಲೇ ಹೇಳಿಬಿಡ್ತೀನಿ."

"ತುಳಿಯೋದೇ ಅಕ್ಕ," ಎಂದ ತಮ್ಮ. "ಸೈಕಲ್ ನಾನೇ ಕಟ್ತೀನಿ. ನಾನು ಮುಂದೆ, ನೀನು ಹಿಂದೆ. ಮಾತು ಕೊಟ್ಟೆ."

ಅಪ್ಪ ತೀರಿಕೊಂಡಾಗ ಅವಳಿಗೆ ಹತ್ತೊಂಬತ್ತು, ಇವನಿಗೆ ಒಂಬತ್ತು. ಅಪ್ಪನ ಸೈಕಲ್ ಅಂಗಡಿಯಲ್ಲಿ ಅವಳೇ ಕೂತಳು. ಹೆಣ್ಣುಮಗಳು ಗ್ರೀಸ್ ಮೆತ್ತಿಕೊಂಡು ಕೂರುವುದೇ ಎಂದು ಆಡಿಕೊಂಡವರ ಸೈಕಲ್ಲನ್ನೂ ಅವಳೇ ರಿಪೇರಿ ಮಾಡಿಕೊಟ್ಟಳು. ಚಕ್ರವನ್ನು ಒಮ್ಮೆ ತಿರುಗಿಸಿ ಕಿವಿಗೊಟ್ಟರೆ ಸಾಕು, ಎಲ್ಲಿ ಡೊಂಕಿದೆ ಎಂದು ಹೇಳುತ್ತಿದ್ದಳು. ತಮ್ಮನಿಗೆ ಸೈಕಲ್ ಕಲಿಸಿದವಳೂ ಅವಳೇ. ಹಿಂದಿನ ಕ್ಯಾರಿಯರ್ ಹಿಡಿದು ಓಡುತ್ತ, "ಹಿಡ್ಕೊಂಡಿದೀನಿ, ತುಳಿ, ತುಳಿ" ಎನ್ನುತ್ತಿದ್ದಳು. ಒಂದು ದಿನ ಇವನು ತಿರುಗಿ ನೋಡಿದರೆ ಅಕ್ಕ ಅಷ್ಟು ದೂರದಲ್ಲಿ ಸೊಂಟದ ಮೇಲೆ ಕೈಯಿಟ್ಟುಕೊಂಡು ನಗುತ್ತ ನಿಂತಿದ್ದಳು.

ಅವಳ ಕಣ್ಣು ಮಬ್ಬಾದಾಗ ಇವನು ಮಾಡಿದ ಮೊದಲ ಕೆಲಸ, ಅವಳ ಕೈಯಿಂದ ಸ್ಪಾನರ್ ತೆಗೆದುಕೊಂಡಿದ್ದು. "ಇಷ್ಟು ವರ್ಷ ದುಡಿದಿದ್ದು ಸಾಕು, ಸುಮ್ನೆ ಕೂತ್ಕೋ ಅಕ್ಕ," ಎಂದಿದ್ದ. ತಟ್ಟೆ ಎತ್ತಲು ಹೋದರೆ ತಟ್ಟೆ ಕಿತ್ತುಕೊಂಡ, ಬೀಗ ಹಾಕಲು ಹೋದರೆ ಬೀಗ. ಎಂಥ ತಮ್ಮ ಎಂದು ಊರು ಕೊಂಡಾಡಿತು. ಆ ಹೊಗಳಿಕೆ ಅವನಿಗೂ ಹಿತವಾಗಿಯೇ ಇತ್ತು ಅನ್ನಿ.

ಎರಡು ಹಳೇ ಸೈಕಲ್ಲುಗಳ ಚೌಕಟ್ಟು ಕೊಯ್ದು, ಬೆಸುಗೆ ಹಾಕಿಸಿ, ಇಪ್ಪತ್ತು ದಿನದಲ್ಲಿ ಒಂದು ಜೋಡಿ ಸೈಕಲ್ ಕಟ್ಟಿದ. ಅಕ್ಕ ದಿನಾ ಕೇಳುತ್ತಿದ್ದಳು: "ಬೇರಿಂಗ್ ನಾನು ತೊಳೆದುಕೊಡ್ಲೇನೋ?" "ಬೇಡ ಅಕ್ಕ, ಕೈಯೆಲ್ಲ ಮಸಿ ಆಗುತ್ತೆ." ಹಬ್ಬದ ಬಟ್ಟೆಗೆ ಕಾಯುವ ಮಗುವಿನಂತೆ ಅವಳು ಬೆಂಚಿನ ತುದಿಗೆ ಬಂದು ಕೂರುತ್ತಿದ್ದಳು.

ಸವಾರಿಗೆ ಮೂರು ದಿನವಿತ್ತು. ಮಹಡಿಯ ಮೆಟ್ಟಿಲು ಹತ್ತುತ್ತಿದ್ದ ಅಕ್ಕ ಅರ್ಧದಲ್ಲಿ ನಿಂತು, ಕಂಬಿ ಹಿಡಿದು ಏದುಸಿರು ಬಿಟ್ಟಳು. ಅಷ್ಟೇ. ಎರಡು ನಿಮಿಷದಲ್ಲಿ ಸುಧಾರಿಸಿಕೊಂಡಳು. ಸ್ಪೋಕಣ್ಣ ಸುಧಾರಿಸಿಕೊಳ್ಳಲಿಲ್ಲ. ಹನ್ನೆರಡು ಕಿಲೋಮೀಟರು, ನಡುವೆ ಸೇತುವೆಯ ಏರು ಬೇರೆ. ಅವಳಿಗೇನಾದರೂ ಆದರೆ? ಅವಳು ತಾಳ ತಪ್ಪಿ ತುಳಿದು, ಇಬ್ಬರೂ ಊರ ಮುಂದೆ ಬಿದ್ದರೆ? ಅಕ್ಕನ ಚಿಂತೆ ಎಷ್ಟು, ತನ್ನ ಮಾನದ ಚಿಂತೆ ಎಷ್ಟು ಎಂದು ಆಗ ಅವನು ಲೆಕ್ಕ ಹಾಕಲಿಲ್ಲ.

ಮಾರನೇ ದಿನ ಅಕ್ಕ ಮಲಗಿದ್ದ ಮಧ್ಯಾಹ್ನ ಅವನು ಆ ಕೆಲಸ ಮಾಡಿದ. ಮುಂದಿನ ಪೆಡಲಿನಿಂದ ನೇರವಾಗಿ ಹಿಂದಿನ ಚಕ್ರಕ್ಕೆ ಉದ್ದನೆಯ ಚೈನು ಎಳೆದ. ಅಕ್ಕನ ಪೆಡಲಿಗೆ ಒಂದು ಗಿಡ್ಡ ಚೈನು ಹಾಕಿ, ಸುಮ್ಮನೆ ತಿರುಗುವ ಒಂದು ಹಲ್ಲುಚಕ್ರಕ್ಕೆ ಸಿಕ್ಕಿಸಿದ. ತುಳಿದರೆ ಕಟಕಟ ಸದ್ದು ಬರುತ್ತದೆ, ಕಾಲು ಸುತ್ತುತ್ತದೆ, ಸೈಕಲ್ಲಿಗೆ ಮಾತ್ರ ಅದರ ಸುದ್ದಿಯೇ ಮುಟ್ಟುವುದಿಲ್ಲ. ತೀರಾ ಹಗುರವಾದರೆ ಗೊತ್ತಾದೀತೆಂದು, ಬ್ರೇಕಿನ ಒಂದು ಹಳೇ ರಬ್ಬರು ತುಂಡನ್ನು ಆ ಚಕ್ರಕ್ಕೆ ಒತ್ತಿ ಕಟ್ಟಿದ. ಸುಳ್ಳಿಗೂ ಸ್ವಲ್ಪ ಭಾರ ಬೇಕಲ್ಲ! ಅಷ್ಟು ನಾಜೂಕಿನ ಕೆಲಸವನ್ನು ಅವನು ಜನ್ಮದಲ್ಲಿ ಮಾಡಿರಲಿಲ್ಲ.

ಹಬ್ಬದ ಬೆಳಿಗ್ಗೆ ಮೈದಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಪುಟ್ಟ ಚಕ್ರಗಳ ಆಸರೆಯ ಮಕ್ಕಳ ಸೈಕಲ್ಲು, ಮೂರು ಚಕ್ರದ ಮೇಲೆ ಒಬ್ಬ ಅಜ್ಜ, ಒಂದೇ ಕಾಲಿನಲ್ಲಿ ತುಳಿಯುವ ಬಡಗಿ. ಅಕ್ಕ ಕೂದಲು ಬಿಗಿದು ಕಟ್ಟಿ, ಹಿಂದಿನ ಸೀಟಿನಲ್ಲಿ ನೆಟ್ಟಗೆ ಕೂತಳು. "ಗುಂಡಿ ಬಂದ್ರೆ ಮೊದಲೇ ಹೇಳು. ಎಲ್ಲಿ ಜೋರಾಗಿ ತುಳೀಬೇಕೋ ಅದನ್ನೂ ಹೇಳು," ಎಂದಳು.

ಹೊರಟರು. ಮೊದಲ ಮೂರು ಕಿಲೋಮೀಟರು ಅವಳ ಬಾಯಿಗೆ ಬಿಡುವಿರಲಿಲ್ಲ. ಬ್ರೆಡ್ಡಿನ ವಾಸನೆ ಬಂತು, ಇದು ಬೇಕರಿ ತಿರುವು. ಇದು ಮರದ ಮಿಲ್ಲು. "ನಾವಿಬ್ರೂ ಸೇರಿದ್ರೆ ಬಸ್ಸನ್ನೂ ಹಿಂದೆ ಹಾಕ್ತೀವಿ ಕಣೋ!"

ಸೇತುವೆಯ ಏರು ಬಂತು. ಸ್ಪೋಕಣ್ಣ ಹಲ್ಲು ಕಚ್ಚಿ ಇಬ್ಬರ ಭಾರವನ್ನೂ ಎಳೆದ. ನಡುವೆ ಹಿಂದಿನ ಕಟಕಟ ನಿಂತಿತು. ಹತ್ತು ಉಸಿರಿನಷ್ಟು ಹೊತ್ತು ಅಕ್ಕನ ಕಾಲು ಆಡಲಿಲ್ಲ. ಪಾಪ, ಸುಸ್ತಾಗಿದ್ದಾಳೆ, ನಾನು ಮಾಡಿದ್ದೇ ಒಳ್ಳೇದಾಯಿತು ಎಂದುಕೊಂಡ. ಇಳಿಜಾರು ಶುರುವಾಗುವ ಹೊತ್ತಿಗೆ ಕಟಕಟ ಮತ್ತೆ ಕೇಳಿಸಿತು. ಆದರೆ ಆಮೇಲೆ ಅವಳು ಮಾತಾಡಲಿಲ್ಲ.

ಕೊನೆಯ ಗೆರೆ ದಾಟಿದಾಗ ಚಪ್ಪಾಳೆಯೋ ಚಪ್ಪಾಳೆ. ಡ್ರಿಲ್ ಟೀಚರ್ ಮೈಕಿನಲ್ಲಿ, "ಅರವತ್ತರ ವಯಸ್ಸಲ್ಲಿ, ಕಣ್ಣು ಕಾಣದೆ, ಹನ್ನೆರಡು ಕಿಲೋಮೀಟರು ತುಳಿದ ನಮ್ಮ ಅಕ್ಕ!" ಎಂದು ಕೂಗಿ, ಪದಕ ತಂದು ಅವಳ ಕೊರಳಿಗೆ ಹಾಕಿದಳು. ಅಕ್ಕ ಎಲ್ಲರಿಗೂ ಕೈ ಬೀಸಿದಳು. ಜನ ಚದುರಿದ ಮೇಲೆ ತಮ್ಮನ ಭುಜ ತಡವಿ, ಪದಕ ತೆಗೆದು ಅವನ ಕೊರಳಿಗೆ ಹಾಕಿದಳು.

"ತುಳಿದವನು ನೀನು ತಾನೆ," ಎಂದಳು.

ಸ್ಪೋಕಣ್ಣ ಪದಕವನ್ನು ಬೇಗ ಬೇಗ ಅಂಗಿಯೊಳಗೆ ತುರುಕಿದ.

"ಸಮ ರಸ್ತೇಲೂ ಅಷ್ಟೇ ಭಾರ, ಏರಲ್ಲೂ ಅಷ್ಟೇ ಭಾರ. ಅಂಥ ಸೈಕಲ್ ಎಲ್ಲಾದ್ರೂ ಇದ್ಯೇನೋ? ಪರೀಕ್ಷೆ ಮಾಡೋಣ ಅಂತ ಕಾಲು ನಿಲ್ಲಿಸ್ದೆ. ಸೈಕಲ್ ಒಂಚೂರೂ ನಿಧಾನ ಆಗ್ಲಿಲ್ಲ."

"ಮತ್ತೆ ಯಾಕೆ ತುಳಿದೆ ಅಕ್ಕ?"

"ಅಷ್ಟು ಜನ ನೋಡ್ತಿದ್ರಲ್ಲ. ನಿನ್ನ ಮರ್ಯಾದೆ ಹೋಗ್ತಿತ್ತು."

ಒಂಬತ್ತು ಕಿಲೋಮೀಟರು. ಸುಳ್ಳೆಂದು ತಿಳಿದೂ ಅವಳು ಅಷ್ಟುದ್ದ ಗಾಳಿ ತುಳಿದಿದ್ದಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ, ಅವಳಿಗೆ ಕಾಣುವುದಿಲ್ಲವೆಂದು ತಾನೇ ಕಣ್ಣು ಮುಚ್ಚಿದ್ದನಲ್ಲ ಎಂದು ಅವನಿಗೆ ನಾಚಿಕೆಯಾಯಿತು. ಆದರೂ ಮನೆ ಮುಟ್ಟಿದ ಮೇಲೆ ಬಾಯಿ ಸುಮ್ಮನಿರಲಿಲ್ಲ.

"ನಿನ್ನ ಒಳ್ಳೇದಕ್ಕೇ ಮಾಡಿದ್ದು ಅಕ್ಕ. ಚಿಕ್ಕವನಿದ್ದಾಗ ನೀನೂ ಹಿಡ್ಕೊಂಡಿದೀನಿ ಅಂತ ಸುಳ್ಳು ಹೇಳಿರ್ಲಿಲ್ವಾ?"

"ಹೇಳಿದ್ದೆ. ಆದ್ರೆ ನಾನು ಕೈ ಬಿಟ್ಟಿದ್ದೆ ಕಣೋ," ಎಂದಳು ಅಕ್ಕ. "ನೀನು ಬಿಡ್ಲೇ ಇಲ್ಲ."

ಅವನು ಆ ಸಂಜೆಯೇ ಗಿಡ್ಡ ಚೈನು ಕಿತ್ತು, ರಬ್ಬರು ತುಂಡನ್ನು ಎಸೆದ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಎರಡೂ ಪೆಡಲು ಒಟ್ಟಿಗೆ ಎಳೆಯುವಂತೆ ಚೈನು ಕೂಡಿಸಿ, "ನಾಳೆ ಬೆಳಿಗ್ಗೆ ಹೋಗೋಣ ಬಾ ಅಕ್ಕ, ನಾವಿಬ್ರೇ. ಈ ಸಲ ನಿಜವಾಗ್ಲೂ," ಎಂದ.

ಅಕ್ಕ ಬಂದು ಚೈನಿನ ಮೇಲೆ ಬೆರಳಾಡಿಸಿದಳು. "ಸಡಿಲ ಇದೆ. ಒಂದು ಕೊಂಡಿ ತೆಗಿ," ಎಂದಳು. ತೆಗೆದ. ಸರಿಹೋಯಿತು.

"ಭಾನುವಾರ ಟೀಚರಮ್ಮ ಬರ್ತಾಳೆ," ಎಂದಳು. "ಮುಂದೆ ಅವಳು ಕೂರ್ತಾಳೆ. ಮೈದಾನದಲ್ಲೇ ಮಾತಾಡ್ಕೊಂಡು ಬಂದೆ."

"ನಾನಿದೀನಲ್ಲ ಅಕ್ಕ!"

"ನಿನ್ನ ಮೇಲೆ ಕೋಪ ಇಲ್ಲ. ಆದ್ರೆ ನೀನು ಮುಂದೆ ಕೂತ್ರೆ, ನಾನು ಪ್ರತಿ ಏರಲ್ಲೂ ಕಾಲು ನಿಲ್ಲಿಸಿ ನೋಡ್ತೀನಿ. ಅದು ನಂಗೆ ಬೇಡ."

ಭಾನುವಾರ ಟೀಚರ್ ಬಂದಳು. ಸ್ಪೋಕಣ್ಣ ಸೈಕಲ್ ಹಿಡಿದುಕೊಂಡು ಅಕ್ಕನನ್ನು ಹತ್ತಿಸಿದ. ಹೊರಟಾಗ ಕ್ಯಾರಿಯರ್ ಹಿಡಿದು ನಾಲ್ಕು ಹೆಜ್ಜೆ ಓಡಿದ. "ಬಿಡೋ!" ಎಂದು ಅಕ್ಕ ಕೂಗಿದಳು. ಬಿಟ್ಟ. ಬೇಕರಿ ತಿರುವಿನವರೆಗೂ ಅವಳ ನಗು ಕೇಳಿಸುತ್ತಿತ್ತು.

ಆ ಬೆಳಿಗ್ಗೆ ಗಿರಾಕಿಗಳು ಬರಲಿಲ್ಲ. ಅವನು ಅಕ್ಕನ ಬೆಂಚಿನ ಮೇಲೆ ಹೋಗಿ ಕೂತ, ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡ. ಹಲಗೆ ಗಟ್ಟಿಯಾಗಿತ್ತು. ಅಲ್ಲಿಂದ ಸ್ಪಾನರುಗಳು ಕೈಗೆ ಎಟುಕುತ್ತಿರಲಿಲ್ಲ. ಒಂದು ಗಂಟೆ ಕೂರುವಷ್ಟರಲ್ಲಿ ಅವನಿಗೆ ಅಳು ಬಂತು. ಅವಳು ಅಲ್ಲಿ ಹನ್ನೊಂದು ವರ್ಷ ಕೂತಿದ್ದಳು.