ಫೋಟೊ ಆಗುವ ತನಕ

ಮಿಕ್ಸಿ ನಿಂತಿತು, ಅಂದರೆ ನನ್ನ ಜೋಳದ ರೊಟ್ಟಿ, ಪುಂಡಿಪಲ್ಯ ಎರಡೂ ಅರೆದು ಒಂದೇ ಹಸಿರು ರಾಡಿಯಾದವು — ಲಕ್ವಾ ಹೊಡೆದು ಬಲಗೈ, ಮಾತು, ಗಂಟಲು ಮೂರೂ ಕೈಕೊಟ್ಟ ಮೇಲೆ ನನಗೆ ಇದೇ ಊಟ, ಪಕ್ಕದ ಕುರ್ಚಿಯ ಹೊನ್ನೂರಪ್ಪನಿಗೂ ಇದೇ, ಅವನಿಗೆ ಮಾತಾದರೂ ಉಳಿದಿದೆ, ಹಾಳು ಮಾತು, ಮುಂಜಾನೆಯಿಂದ ಪಾಮನಕಲ್ಲೂರಿನ ತನ್ನ ಎತ್ತುಗಳ ಬಡಾಯಿ, ಯಮನಮ್ಮಾ, ನಿಮ್ಮ ದಢೇಸುಗೂರಾಗ ಬರೀ ಅಕ್ಕಿ ತಿಂತೀರಿ, ರಟ್ಟ್ಯಾಗ ಕಸುವು ಎಲ್ಲಿಂದ ಬರಬೇಕು — ಹೌದಪ್ಪ, ಕಸುವಿನ ಮುದುಕ, ಈಗ ನೀನೂ ನನ್ನ ಹಾಗೆ ರಾಡಿ ನೆಕ್ಕು. ದಿನಾ ಇಲ್ಲಿಯ ಆಯಾ ಕಹಕಶಾ ಚಮಚೆಯಲ್ಲಿ ಉಣಿಸುತ್ತಾಳೆ, ಗದ್ದ ತೆಳಗ ಮಾಡ್ರಿ ಅಮ್ಮಾ, ಮ್ಯಾಲೆತ್ತಿದ್ರ ಉಸಿರಿಗೆ ಸಿಗತೈತಿ, ನುಂಗ್ರಿ, ಬಾಯಿ ಖಾಲಿ ಆತೇನು, ಈಗ ಇನ್ನೊಂದು — ಮಕ್ಕಳಿಗೆಲ್ಲ ತುತ್ತು ತಿನ್ನಿಸಿ ದೊಡ್ಡವರನ್ನು ಮಾಡಿದವಳಿಗೆ ನುಂಗುವ ಪಾಠ, ಸಿಟ್ಟು ಬರುತ್ತದೆ, ಆದರೆ ಇವತ್ತು ಅವಳೆಲ್ಲಿ, ಹಾಂ, ಬಂದವರಿಗೆ ಚಹಾ ಕಾಸಲು ಅಟ್ಟಿದ್ದಾರೆ, ಗೊರೇಬಾಳದ ಸಾಹುಕಾರ್ತಿಯ ಮಗನ ಹುಟ್ಟುಹಬ್ಬವಂತೆ, ಸಿಂಧನೂರಿನ ಈ ವೃದ್ಧಾಶ್ರಮದಲ್ಲಿ ಯಾರದಾದರೂ ಹುಟ್ಟುಹಬ್ಬ ಇದ್ದೇ ಇರುತ್ತದೆ, ಗೋಡೆಗೆ ಫ್ಲೆಕ್ಸ್, ನಮ್ಮ ತಲೆಗೆ ಕಾಗದದ ಟೊಪ್ಪಿಗೆ, ಅವರು ಕೈಯಾರೆ ತುತ್ತು ಕೊಟ್ಟು ಫೋಟೊ ಆಗುವ ತನಕ ಯಾರೂ ಉಣ್ಣುವಂತಿಲ್ಲ. ಮ್ಯಾನೇಜರ್ ಕನಕರಾಜ ನಮ್ಮಿಬ್ಬರ ಬಟ್ಟಲು ಎತ್ತಿಟ್ಟ, ಇದು ಫೋಟೊದಾಗ ಛಲೋ ಕಾಣಂಗಿಲ್ಲ ಅಕ್ಕಾರ, ಇವರಿಗೂ ಲಾಡು ಕೊಡ್ರಿ, ಆಶೀರ್ವಾದ ಮಾಡ್ತಾರ.

ಬುಂದಿ ಲಾಡು, ಲವಂಗ, ತುಪ್ಪ, ದೇವರೇ, ಬಾಯಲ್ಲಿ ನೀರೂರಿತು, ಆ ನೀರನ್ನೂ ನುಂಗಲಾರೆ, ಗದ್ದದ ಮೇಲೆ ಇಳಿಯುತ್ತಿದೆ, ಥೂ. ಆ ಅನ್ರಿ ಅಜ್ಜಾ, ಹೊನ್ನೂರಪ್ಪ ಆ ಅಂದ, ಆಸೆಬುರುಕ, ಸಾಹುಕಾರ್ತಿ ಇಡೀ ಲಾಡು ತುರುಕಿದಳು, ಗದ್ದ ಮ್ಯಾಲೆತ್ರಿ, ಮಾರಿ ಕಾಣವಲ್ದು ಎಂದ ಫೋಟೊದವನು, ಎತ್ತಿದ, ಆಮೇಲೆ ಕೆಮ್ಮು ಬರಬೇಕಿತ್ತು, ಬರಲಿಲ್ಲ, ನನಗೆ ಮೊದಲು ಖುಷಿಯೇ ಆಯಿತು, ಸುಳ್ಳೇಕೆ, ಬಡಾಯಿ ಒಂದು ಗಳಿಗೆ ನಿಂತಿತಲ್ಲ ಎಂದು, ತಿರುಗಿ ನೋಡಿದರೆ ಅವನ ಕಣ್ಣುಗಳು ಹೊರಗೆ ಬರುತ್ತಿವೆ, ತುಟಿ ನೇರಳೆಯಾಗಿದೆ, ಕೈ ಗಂಟಲ ಮೇಲಿದೆ, ಲೇ ಕನಕರಾಜ, ನೋಡೋ, ಕಹಕಶಾ, ಬಾರೇ — ನನ್ನ ಬಾಯಿಂದ ಬರುವುದು ಬರೀ ಗುರ್ ಗುರ್, ಎಡಗೈಯಲ್ಲಿ ಖಾಲಿ ತಟ್ಟೆ ಎತ್ತಿ ಮೇಜಿಗೆ ಬಡಿದೆ, ಮತ್ತೆ ಬಡಿದೆ, ಅವರು ಹುಟ್ಟುಹಬ್ಬದ ಹಾಡು ಹಾಡುತ್ತಿದ್ದಾರೆ, ಅಯ್ಯ ನೋಡ್ರಿ, ಅಮ್ಮಾರಿಗೆ ಎಷ್ಟು ಖುಷಿ, ತಾಳ ಹಾಕಾಕತ್ತಾರ, ನನ್ನ ತಾಳಕ್ಕೆ ಎಲ್ಲರ ಚಪ್ಪಾಳೆ, ಬಡಿದಷ್ಟೂ ಚಪ್ಪಾಳೆ, ಹೊನ್ನೂರಪ್ಪನ ಕೈ ಸಡಿಲವಾಯಿತು, ತಲೆ ಎದೆಗೆ ಬಿತ್ತು, ಅಜ್ಜಾರಿಗೆ ಉಣ್ಣೂಕಿಂತ ಮೊದಲ ನಿದ್ದಿ ಬಂತು ಎಂದು ಯಾರೋ ನಕ್ಕರು, ಸಾಯಬೇಡೋ, ಎತ್ತಿನ ಕಥೆ ಹೇಳೋ, ಎಷ್ಟು ಬೇಕಾದರೂ ಕೇಳುತ್ತೇನೆ, ತಟ್ಟೆ ಎತ್ತುವಷ್ಟರಲ್ಲಿ ಕನಕರಾಜ ನನ್ನ ಎಡಗೈ ಹಿಡಿದುಕೊಂಡ, ಸಾಕ್ರಿ ಅಮ್ಮಾರ, ಈಗ ನಿಮ್ಮ ಪಾಳಿ, ಗದ್ದ ಹಿಡಿದು ಮೇಲೆತ್ತಿದ, ಹಲ್ಲು ಕಚ್ಚೋಣವೆಂದರೆ ಹಲ್ಲೆಲ್ಲಿ, ಸಾಹುಕಾರ್ತಿಯ ಎರಡು ಬೆರಳು, ಲಾಡು ಹಿಡಿದ ಎರಡು ಬೆರಳು, ಆ ಅನ್ರಿ, ತುಟಿಗೆ ತುಪ್ಪ, ಎರಡು ಬೆರಳು, ಆ ಅನ್ರಿ ಅಮ್ಮಾ, ಎರಡು ಬೆರಳು —